ಹೊಳೆಯಾಚೆಯವರು ಕೊಟ್ಟ ಹೆಸರು



ಇಂಗ್ಲಿಷರ ರಾಷ್ಟ್ರಭಾವನೆ ಚರಿತ್ರೆಯಲ್ಲಿ, ಸಾಹಿತ್ಯದಲ್ಲಿ, ಜನಪ್ರಿಯ ಸಂಸ್ಕೃತಿಯಲ್ಲಿ ಹೇಗೆ ಮೂಡಿತು ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ನೀವು ಕೊಟ್ಟಿದ್ದೀರಿ. ಅದನ್ನು ಲಂಡನ್ನಿನಿಂದ ಶುರುಮಾಡಲು ನನಗೆ ಮನಸ್ಸಿಲ್ಲ. ಈ ದಾವಣಗೆರೆಯಿಂದ 14 ಕಿಲೋಮೀಟರಿನಲ್ಲಿ ಹರಿಹರವಿದೆ, ಅಲ್ಲೊಂದು ಹಳೆಯ ಸೇತುವೆಯಿದೆ. ಕಲ್ಲು ಇಟ್ಟಿಗೆಯ ಕಟ್ಟಡ, 60 ಅಡಿ ಅಗಲದ 14 ಕಮಾನು. 1868ರಲ್ಲಿ ಮುಗಿದಾಗ ಸುಮಾರು 3 ಲಕ್ಷ ರೂಪಾಯಿ ತಗಲಿತ್ತು ಎಂದು ಗೆಜೆಟಿಯರು ಬರೆದಿಟ್ಟಿದೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯನ್ನು ತುಂಗಭದ್ರೆ ದಾಟಿಸಲು ಕಟ್ಟಿದ ಸೇತುವೆ ಅದು. ಕಟ್ಟಿದ ಕಾಲಕ್ಕೆ ಅದರ ಈಚೆ ತುದಿ ಮೈಸೂರು ಸಂಸ್ಥಾನದಲ್ಲಿತ್ತು, ಆಚೆ ತುದಿ ಮುಂಬಯಿ ಪ್ರಾಂತದಲ್ಲಿತ್ತು. ಇದೇ ದಡ ಹಿಡಿದು ಕೆಳಗೆ ಹೋದರೆ ಹರಪನಹಳ್ಳಿ ಸೀಮೆ; ಅದು ಮದರಾಸಿಗೆ ಸೇರಿತ್ತು.

ಮೂರು ಇಸವಿಗಳನ್ನು ಹೇಳಿದರೆ ಈ ಒಡಕಿನ ಕಥೆ ಮುಗಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಹರಿಹರ ಮೈಸೂರಿನ ಅರಸರ ಪಾಲಿಗೆ ಬಂತು. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. 1818ರ ಹೊತ್ತಿಗೆ ಪೇಶ್ವೆಗಳ ಆಡಳಿತ ಮುಗಿದು ಧಾರವಾಡ, ರಾಣೆಬೆನ್ನೂರು ಮುಂಬಯಿಗೆ ಸೇರಿದವು. ಅಲ್ಲಿಂದ, 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವವರೆಗೆ, ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಮಾತಾಡುವ, ಹೆಣ್ಣು ಕೊಟ್ಟು ತರುವ ಜನ ಮೂರು ಸರಕಾರಗಳ ಕೈಕೆಳಗೆ, ಆಮೇಲೆ 1956ರ ನವೆಂಬರ್ 1ರವರೆಗೆ ಎರಡು ಸರಕಾರಗಳ ಕೈಕೆಳಗೆ ಬದುಕಿದರು.

ಇಷ್ಟು ಹತ್ತಿರದಲ್ಲಿದ್ದ ಇವರೆಲ್ಲರಿಗೂ ಸೇರಿ ಒಂದು ಹೆಸರು ಬೇಕು ಎಂದು ಮೊದಲು ಕೇಳಿದವರು ಯಾರು? ಈ ದಡದವರು ಕೇಳಲಿಲ್ಲ. ಇವರಿಗೆ ಮೈಸೂರಿತ್ತು. ಅರಸರು ಕನ್ನಡದವರು, ಶಾಲೆಯ ಪಾಠ ಕನ್ನಡ, ದಸರೆಯ ದರ್ಬಾರು ಕಣ್ಣೆದುರಿಗೆ. ಕೇಳಿದವರು ಆಚೆ ದಡದವರು. ಅಲ್ಲಿ ಕಚೇರಿಯ ಕಾಗದ ಮರಾಠಿ, ಶಾಲೆಯ ಪಾಠ ಮರಾಠಿ, ಅಧಿಕಾರದ ಊರು ಪುಣೆ, ಮುಂಬಯಿ. ನಾವು ಯಾರು ಎಂದು ಅವರು ದಿನಬೆಳಗಾದರೆ ಹೇಳಿಕೊಳ್ಳಬೇಕಾಗಿತ್ತು.

ಇವತ್ತಿನ ನನ್ನ ಮಾತಿನ ತಿರುಳು ಇಷ್ಟೆ. ಒಂದು ಜನದ ಹೆಸರನ್ನು ಮೊದಲು ಗಟ್ಟಿಯಾಗಿ ಹೇಳುವವರು ಅಂಚಿನಲ್ಲಿ ನಿಂತವರು. ನಡುಮನೆಯಲ್ಲಿ ಕೂತವರಿಗೆ ಆ ಅಗತ್ಯ ತಡವಾಗಿ ಬೀಳುತ್ತದೆ; ತಡವಾಗಿ ಬಿದ್ದಾಗ ಅದರ ಜೊತೆಗೆ ಒಂದಿಷ್ಟು ಕಹಿಯೂ ಬರುವುದುಂಟು. ಇಂಗ್ಲೆಂಡಿನ ಕಥೆ ಇದಕ್ಕೆ ದೊಡ್ಡ ನಿದರ್ಶನ. ನಮ್ಮ ಹೊಳೆಯ ಕಥೆ ಅಷ್ಟೇ ಮುಖ್ಯವಾದ ನಿದರ್ಶನ ಎಂಬುದು ನನ್ನ ನಂಬಿಕೆ.

ಇಂಗ್ಲಿಷರು ಎಂಬ ಹೆಸರೇನೋ ಬಹಳ ಹಳೆಯದು. ನಾರ್ತಂಬ್ರಿಯದ ಜಾರೋ ಮಠದಲ್ಲಿ ಕೂತು ಬೀಡ್ ಎಂಬ ಸನ್ಯಾಸಿ 731ರಲ್ಲಿ ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದು ಮುಗಿಸಿದ. ಆಗ ಇಂಗ್ಲೆಂಡ್ ಎಂಬ ಒಂದು ರಾಜ್ಯವಿರಲಿಲ್ಲ, ತಮ್ಮತಮ್ಮಲ್ಲೇ ಕಾದಾಡುವ ಹಲವು ರಾಜ್ಯಗಳಿದ್ದವು. ಅಷ್ಟೂ ಮಂದಿಯನ್ನು ಒಂದು ಜನ ಎಂದು ಅವನು ಎಣಿಸಿದ. ಒಬ್ಬ ಅರಸನ ಆಳ್ವಿಕೆಗೆ ಅವರು ಬಂದದ್ದು 927ರಲ್ಲಿ, ಆಥೆಲ್‌ಸ್ಟನ್ನನ ಕಾಲಕ್ಕೆ. ಬೀಡ್ ಬರೆದು ಇನ್ನೂರು ವರ್ಷದ ತರುವಾಯ.

ನಮ್ಮ ಕವಿರಾಜಮಾರ್ಗ ನಿಮಗೆ ನೆನಪಾಗಿರಬೇಕು. ಒಂಬತ್ತನೆಯ ಶತಮಾನದ ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ್ದು ಎಂದು ಗುರುತಿಸಿತು. ಆ ನಾಡಿನ ತಿರುಳುಗನ್ನಡದ ಊರುಗಳೆಂದು ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಎಲ್ಲವೂ ತುಂಗಭದ್ರೆಯ ಆಚೆಯವು. ಮೈಸೂರು ಕಡೆಯ ಮಾತೇ ಶುದ್ಧ ಎಂದು ಹೇಳುವವರನ್ನು ನಾನು ಬಹಳ ಕೇಳಿದ್ದೇನೆ. ಕವಿರಾಜಮಾರ್ಗದ ಕಣ್ಣಿನಲ್ಲಿ ಕನ್ನಡದ ತಿರುಳು ಹೊಳೆ ದಾಟಿದ ಮೇಲೆ ಸಿಗುತ್ತಿತ್ತು. ರಾಣೆಬೆನ್ನೂರಿನ ಮಾತನ್ನು ಕೇಳಿ ಯಾರಾದರೂ ಹುಬ್ಬೇರಿಸಿದರೆ ದಯವಿಟ್ಟು ಇದನ್ನು ಅವರಿಗೆ ತಿಳಿಸಿ.

ಅರಸರ ಗಡಿಗೂ ಭಾಷೆಯ ಗಡಿಗೂ ಆಗ ಹೊಂದಿಕೆ ಇರಲಿಲ್ಲ. ಹರಿಹರೇಶ್ವರ ದೇವಸ್ಥಾನವೇ ಇದಕ್ಕೆ ಸಾಕ್ಷಿ. 1223-24ರಲ್ಲಿ ಅದನ್ನು ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಉತ್ತರದ ದೇವಗಿರಿಯ ಸೇವುಣರಿಗೂ ದೋರಸಮುದ್ರದ ಹೊಯ್ಸಳರಿಗೂ ಈ ತುಂಗಭದ್ರೆಯ ಸೀಮೆಗಾಗಿ ತಲೆತಲಾಂತರದ ಜಗಳ. ಹೊಯ್ಸಳರ ಶಾಸನ ಕನ್ನಡದಲ್ಲಿದೆ. ಸೇವುಣರವೂ ನೂರಾರು ಶಾಸನಗಳು ಕನ್ನಡದಲ್ಲೇ ಇವೆ. ಕನ್ನಡದಲ್ಲಿ ಬರೆಸಿಕೊಳ್ಳುವ ಇಬ್ಬರು ಅರಸರು ಕನ್ನಡ ಮಾತಾಡುವ ಊರಿಗಾಗಿ ಕಾದಾಡಿದರು. ಭಾಷೆ ಒಂದೇ ಆಗಿರುವುದರಿಂದ ರಾಜ್ಯವೂ ಒಂದಾಗಬೇಕು ಎಂಬ ವಿಚಾರ ಇಬ್ಬರ ತಲೆಯಲ್ಲೂ ಇರಲಿಲ್ಲ. ಬೀಡ್ ಕಾಲದ ಇಂಗ್ಲಿಷ್ ರಾಜರ ಸ್ಥಿತಿಯೂ ಇದೇ.

ಇನ್ನು ಇಂಗ್ಲೆಂಡಿನ ಕಥೆಯ ವಿಶೇಷಕ್ಕೆ ಬರುತ್ತೇನೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು. ನ್ಯಾಯಾಲಯದಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕೆಂದು ಕಾನೂನು ಬಂದದ್ದು 1362ರಲ್ಲಿ, ಕವಿ ಚಾಸರ್ ಇನ್ನೂ ತರುಣನಾಗಿದ್ದಾಗ. ಸುಮಾರು ಮುನ್ನೂರು ವರ್ಷ ತಮ್ಮ ಊರಿನಲ್ಲೇ ತಮ್ಮ ಮಾತು ಕಚೇರಿಯ ಹೊರಗೆ ನಿಂತಿತ್ತು ಎಂಬುದನ್ನು ಇಂಗ್ಲಿಷರು ಈಗ ಮರೆತಂತಿದೆ. ಮಾತು ತಲೆಯೆತ್ತಿದ ಮೇಲೆ ಅವರು ಬೆಳೆದರು, ನೆರೆಯವರನ್ನು ಸೇರಿಸಿಕೊಂಡರು. 1536ರಿಂದ ವೇಲ್ಸ್, 1707ರಲ್ಲಿ ಸ್ಕಾಟ್ಲೆಂಡ್, 1801ರಲ್ಲಿ ಐರ್ಲೆಂಡ್. ಅಷ್ಟು ಹೊತ್ತಿಗೆ ಇಂಗ್ಲೆಂಡ್ ಎಂಬ ಹೆಸರು ಬ್ರಿಟನ್ ಎಂಬ ದೊಡ್ಡ ಹೆಸರಿನೊಳಗೆ ಸೇರಿಹೋಗಿತ್ತು. ಇಂಗ್ಲಿಷರಿಗೆ ಅದರಿಂದ ನಷ್ಟವಾದಂತೆ ಕಾಣಲಿಲ್ಲ. ಪಾರ್ಲಿಮೆಂಟು ಲಂಡನ್ನಿನಲ್ಲಿತ್ತು, ಆಡಳಿತ ಅವರ ಮಾತಿನಲ್ಲಿತ್ತು. ಬ್ರಿಟನ್ ಎಂದರೂ ಇಂಗ್ಲೆಂಡ್ ಎಂದರೂ ಅವರಿಗೆ ಒಂದೇ. ಈ ಎರಡರ ವ್ಯತ್ಯಾಸ ಎದೆಗೆ ತಟ್ಟುತ್ತಿದ್ದುದು ಸ್ಕಾಟರಿಗೆ, ವೆಲ್ಷರಿಗೆ, ಐರಿಷರಿಗೆ.

ಅದಕ್ಕೇ ನೋಡಿ, ಇಂಗ್ಲಿಷನ ಚಿತ್ರ ಬರೆದವರಲ್ಲಿ ಎಷ್ಟೋ ಮಂದಿ ಹೊರಗಿನವರು. ಹೊಟ್ಟೆ ಮುಂದಿಟ್ಟುಕೊಂಡ, ನೇರ ಮಾತಿನ, ಮುಂಗೋಪದ ಜಾನ್ ಬುಲ್ ಎಂಬ ಪಾತ್ರವನ್ನು ಇಡೀ ಲೋಕ ಇಂಗ್ಲಿಷನ ಮುಖ ಎಂದು ಗುರುತಿಸಿತು. 1712ರಲ್ಲಿ ಅವನನ್ನು ಸೃಷ್ಟಿಸಿದವನು ಜಾನ್ ಆರ್ಬತ್‌ನಾಟ್, ಸ್ಕಾಟ್ಲೆಂಡಿನ ವೈದ್ಯ. ಬ್ರಿಟನ್ನು ಕಡಲಿನ ಒಡೆಯ ಎಂದು ಸಾರುವ, ಇವತ್ತಿಗೂ ಲಂಡನ್ನಿನ ಸಭಾಂಗಣಗಳಲ್ಲಿ ಮೊಳಗುವ 1740ರ ಹಾಡನ್ನು ಬರೆದ ಜೇಮ್ಸ್ ಥಾಮ್ಸನ್ನನೂ ಸ್ಕಾಟ್.

ಷೇಕ್ಸ್‌ಪಿಯರನ ಐದನೆಯ ಹೆನ್ರಿ ನಾಟಕವನ್ನು ಪಾಠ ಹೇಳುವಾಗಲೆಲ್ಲ ಒಂದು ದೃಶ್ಯದ ಹತ್ತಿರ ನಾನು ನಿಲ್ಲುತ್ತಿದ್ದೆ. ಫ್ರಾನ್ಸಿನ ಕೋಟೆಯೊಂದರ ಮುತ್ತಿಗೆಯಲ್ಲಿ ನಾಲ್ವರು ಕ್ಯಾಪ್ಟನ್ನರು ಸೇರುತ್ತಾರೆ: ಇಂಗ್ಲಿಷನಾದ ಗವರ್, ವೇಲ್ಸಿನ ಫ್ಲೂಯೆಲೆನ್, ಸ್ಕಾಟ್ಲೆಂಡಿನ ಜೇಮಿ, ಐರ್ಲೆಂಡಿನ ಮ್ಯಾಕ್‌ಮಾರಿಸ್. ಮಾತಿಗೆ ಮಾತು ಬೆಳೆದು, ತನ್ನ ದೇಶ ಯಾವುದು, ಅದರ ಬಗ್ಗೆ ಆಡುವವನು ಯಾರು ಎಂದು ಸಿಡಿದೇಳುವವನು ಐರಿಷನು. ಜಗಳ ಹಚ್ಚುವವನು ವೆಲ್ಷನು. ಇಂಗ್ಲಿಷನಾದ ಗವರನ ಬಾಯಲ್ಲಿ ಆ ಪ್ರಶ್ನೆಯೇ ಇಲ್ಲ. ಅವನದು ಸಮಾಧಾನ ಮಾಡುವ ಕೆಲಸ. 1599ರ ಸುಮಾರಿಗೇ ಈ ಸೂಕ್ಷ್ಮ ನಾಟಕಕಾರನ ಕಿವಿಗೆ ಬಿದ್ದಿತ್ತು. ಯಾರ ದೇಶಕ್ಕೆ ಭರವಸೆಯಿಲ್ಲವೋ ಅವರೇ ದೇಶದ ಮಾತೆತ್ತುತ್ತಾರೆ.

ಕೃಷನ್ ಕುಮಾರ್ ಎಂಬ ಸಮಾಜಶಾಸ್ತ್ರಜ್ಞರು ಇಂಗ್ಲಿಷ್ ರಾಷ್ಟ್ರಭಾವನೆಯ ಹುಟ್ಟಿನ ಬಗ್ಗೆ 2003ರಲ್ಲಿ ಬರೆದ ಪುಸ್ತಕದ ವಾದವೂ ಇದರ ಹತ್ತಿರದ್ದು: ಸಾಮ್ರಾಜ್ಯ ಕಟ್ಟಿದ ಜನ ತಮ್ಮ ಸ್ವಂತ ರಾಷ್ಟ್ರೀಯತೆಯನ್ನು ಹಿಂದಕ್ಕಿಟ್ಟು, ತಾವು ಕಟ್ಟಿದ್ದರ ಹೆಸರಿನಲ್ಲಿ ಹೆಮ್ಮೆಪಡುತ್ತಾರೆ. 1941ರಲ್ಲಿ ಬಾಂಬುಗಳು ಬೀಳುತ್ತಿದ್ದಾಗ ಇಂಗ್ಲೆಂಡಿನ ಸ್ವಭಾವದ ಬಗ್ಗೆ ಪ್ರಬಂಧ ಬರೆದ ಜಾರ್ಜ್ ಆರ್ವೆಲ್ ಕೂಡ, ನಮ್ಮ ನಾಡನ್ನು ನಾವು ಹಲವು ಹೆಸರುಗಳಿಂದ ಕರೆಯುತ್ತೇವೆ ಎಂದು ಗಮನಿಸಿದ. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ. ಇಂಗ್ಲಿಷ್ ಸಾಹಿತ್ಯವೂ ಕಾಲೇಜಿನ ಪಾಠವಾಗಿ ಮೊದಲು ಬೇರುಬಿಟ್ಟದ್ದು ಇಂಡಿಯಾದಲ್ಲಿ ಎಂಬ ವಾದವಿದೆ. ಆಕ್ಸ್‌ಫರ್ಡಿನಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವಾದದ್ದು 1894ರಲ್ಲಿ. ಇಂಗ್ಲಿಷರ ಸಾಹಿತ್ಯ ಇಂಥದು ಎಂದು ಪಠ್ಯಪಟ್ಟಿ ಹಾಕಿಕೊಡುವ ಅಗತ್ಯ, ಇಂಗ್ಲಿಷರಲ್ಲದವರ ಎದುರಿಗೆ ನಿಂತಾಗ ಅವರಿಗೆ ಬಂತು.

ಈಗ ನಮ್ಮ ಹೊಳೆಯಾಚೆಗೆ ಹೋಗೋಣ. ಧಾರವಾಡದಲ್ಲಿ ಕನ್ನಡ ಮಕ್ಕಳಿಗೆ ಮರಾಠಿಯಲ್ಲಿ ಪಾಠ ನಡೆಯುತ್ತಿದ್ದುದನ್ನು ಕಂಡು, ಇದು ಕನ್ನಡದ ಸೀಮೆ ಎಂದು ಹೇಳಿದವರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕನ್ನಡ ಶಾಸನಗಳನ್ನು ಹುಡುಕಿ ಪ್ರತಿಮಾಡಿಸಿದ ಈ ಅಧಿಕಾರಿ ಎಡಿನ್‌ಬರೊದವನು, ಎಂದರೆ ಸ್ಕಾಟ್. ಆಮೇಲೆ ಶಿಕ್ಷಣ ಇಲಾಖೆಯಲ್ಲಿ ರಸೆಲ್ ಸಾಹೇಬರೂ ಡೆಪ್ಯುಟಿ ಚೆನ್ನಬಸಪ್ಪನವರೂ ಸೇರಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಚೆನ್ನಬಸಪ್ಪನವರು 1871ರಲ್ಲಿ ಷೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಮರಾಠಿಯ ಕೈಯಿಂದ ಶಾಲೆಯನ್ನು ಬಿಡಿಸಿದವರು ಇಂಗ್ಲಿಷಿನ ದೊಡ್ಡ ಕವಿಯನ್ನು ಕೈಹಿಡಿದು ಒಳಗೆ ಕರೆದರು. ಅವರ ಕನ್ನಡಾಭಿಮಾನಕ್ಕೆ ಪರಭಾಷೆಯ ಹಗೆ ಬೇಕಾಗಿರಲಿಲ್ಲ. ಇವತ್ತಿನ ನಮ್ಮ ಹೋರಾಟಗಾರ ಮಿತ್ರರು ಚೆನ್ನಬಸಪ್ಪನವರ ಚಿತ್ರವನ್ನು ತಮ್ಮ ಕಚೇರಿಗಳಲ್ಲಿ ಹಾಕಿಕೊಳ್ಳಬೇಕೆಂಬುದು ನನ್ನ ಆಸೆ.

1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. 1917ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಮಂಗಳೂರಿನಿಂದ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲಿ. ಅದೂ ಮದರಾಸು ಪ್ರಾಂತ. ಈ ಪಟ್ಟಿಯಲ್ಲಿ ಮೈಸೂರು ಕಾಣುವುದಿಲ್ಲ ಎಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಮೈಸೂರು ಕನ್ನಡಕ್ಕೆ ಬಹಳ ಮಾಡಿತು: 1915ರಲ್ಲಿ ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಹುಟ್ಟಿತು, 1916ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಆದರೆ ಮೈಸೂರಿನ ಅಭಿಮಾನದ ಮೂರ್ತಿ ಅರಸರಾಗಿದ್ದರು. ಸಂಸ್ಥಾನಗೀತೆಯನ್ನು ಬರೆದವರು ಬಸವಪ್ಪ ಶಾಸ್ತ್ರಿಗಳು. ಷೇಕ್ಸ್‌ಪಿಯರನ ಒಥೆಲೊ 'ಶೂರಸೇನ ಚರಿತ್ರೆ'ಯಾದದ್ದೂ ಅವರಿಂದಲೇ. ಅವರ ಗೀತೆ ದೇವಿಯನ್ನು ಬೇಡಿಕೊಳ್ಳುವುದು ಅರಸರ ಕ್ಷೇಮಕ್ಕಾಗಿ, ಬ್ರಿಟನ್ನಿನ ಗೀತೆ ದೇವರನ್ನು ಬೇಡುವ ಹಾಗೆಯೇ. ಹುಯಿಲಗೋಳ ನಾರಾಯಣರಾಯರು ಬರೆದ, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಲಾದ ಗೀತೆಯಲ್ಲಿ ಅರಸರಿಲ್ಲ, ನಾಡಿದೆ. ಹೊಳೆಯ ಎರಡು ದಡಗಳ ಅಂತರ ಈ ಎರಡು ಹಾಡುಗಳಲ್ಲೇ ಕೇಳಿಸುತ್ತದೆ.

ದಡಗಳ ನಡುವೆ ಓಡಾಟವಿತ್ತು. ಮೈಸೂರು ಸೀಮೆಯ ಇಂಗ್ಲಿಷ್ ಅಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ, ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದು ಎಂದು ಭಾಷಣ ಮಾಡಿದರು. ಮುಂದೆ ಅವರೇ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ಕನ್ನಡದ ಎಚ್ಚರಕ್ಕೆ ಬೇಕಾದ ಮಾತನ್ನು ಅವರು ಮೊದಲು ಆಡಿದ್ದು ಆ ಎಚ್ಚರವಿದ್ದ ದಡದಲ್ಲಿ ಎಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ದಾವಣಗೆರೆಯ ಪಾತ್ರವೂ ಸಣ್ಣದಲ್ಲ. ಈ ಊರು ಮೈಸೂರಿನ ಉತ್ತರದ ಅಂಚು. ಹೈದರಾಲಿ ಇದನ್ನು ಅಪ್ಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ ಎಂದು ಗೆಜೆಟಿಯರು ಹೇಳುತ್ತದೆ. ಕಂಬಳಿಗೆ ಹೆಸರಾದ ಪೇಟೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಬ್ಬಳ್ಳಿಗೆ ರೈಲು ಬಂದ ಮೇಲೆ ವ್ಯಾಪಾರದ ಮುಖ ಎರಡೂ ಕಡೆಗೆ ತಿರುಗಿತು. 1922ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆಯಿತು. ಮೈಸೂರಿನ ತಾತಯ್ಯ ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅಧ್ಯಕ್ಷರು. ಮುಂದಿನ ವರ್ಷ ಸಮ್ಮೇಳನ ಹೊಳೆ ದಾಟಿ ಬಿಜಾಪುರಕ್ಕೆ ಹೋಯಿತು. ಎಪ್ಪತ್ತು ವರ್ಷದ ನಂತರ 1992ರಲ್ಲಿ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಇದೇ ಊರಿಗೆ ಬಂದಾಗ ಹೊಳೆಯ ಎರಡೂ ಕಡೆಗೆ ಒಂದೇ ಸರಕಾರವಿತ್ತು.

ಆ ಒಂದು ಸರಕಾರ ಆಗುವಾಗ ಈ ದಡದವರು ಅನುಮಾನಪಟ್ಟರು ಎಂಬುದನ್ನು ಮುಚ್ಚಿಡಬಾರದು. ರಾಜ್ಯಗಳ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಾಗ, ಮೈಸೂರು ಮೈಸೂರಾಗಿಯೇ ಇರಲಿ, ಬೇಕಿದ್ದರೆ ಕನ್ನಡಕ್ಕೆ ಎರಡು ರಾಜ್ಯಗಳಿರಲಿ ಎಂದ ಮುಖಂಡರು ಕಡಿಮೆಯಿರಲಿಲ್ಲ. ಒಟ್ಟುಗೂಡಿದರೆ ತಮ್ಮ ವಿದ್ಯುತ್ತು, ತಮ್ಮ ಕಾರ್ಖಾನೆ, ತಮ್ಮ ಜಾತಿಯ ಬಲ ಹಂಚಿಹೋಗುತ್ತದೆ ಎಂಬ ಅಳುಕು. ಅದರ ನಡುವೆ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯ ವಿರೋಧವನ್ನೇ ಎದುರಿಸಿ ಏಕೀಕರಣದ ಪರ ನಿಂತರು. ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಹುಟ್ಟಿದ್ದು 1902ರಲ್ಲಿ, ಹರಪನಹಳ್ಳಿ ಸೀಮೆಯ ಹಲುವಾಗಲಿನಲ್ಲಿ, ಎಂದರೆ ಮದರಾಸು ಪ್ರಾಂತದಲ್ಲಿ. ವಕೀಲಿ ಮಾಡಿದ್ದು ಮೈಸೂರಿನ ಚಿತ್ರದುರ್ಗದಲ್ಲಿ. ಈ ಎರಡು ಊರುಗಳ ನಡುವಿನ ಗಡಿಯ ಅರ್ಥಹೀನತೆಯನ್ನು ಅವರಿಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ. ಹೀಗಿದ್ದರೂ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ಧಾರವಾಡದವರು, ಗುಲ್ಬರ್ಗದವರು ಹದಿನೇಳು ವರ್ಷ ತಮ್ಮನ್ನು ಮೈಸೂರಿನವರೆಂದು ಬರೆದುಕೊಂಡರು. ಬ್ರಿಟನ್ನನ್ನು ಇಂಗ್ಲೆಂಡ್ ಎಂದು ಕರೆದಾಗ ಸ್ಕಾಟರಿಗೆ ಏನನಿಸುತ್ತದೆ ಎಂದು ತಿಳಿಯಬೇಕಾದರೆ ಎಡಿನ್‌ಬರೊಗೆ ಹೋಗಬೇಕಿಲ್ಲ, ರಾಣೆಬೆನ್ನೂರಿನ ಹಿರಿಯರನ್ನು ಕೇಳಿದರೆ ಸಾಕು.

ಜನಪ್ರಿಯ ಸಂಸ್ಕೃತಿಯಲ್ಲಿ ಇದೆಲ್ಲ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1966ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ಅಂದಿನ ಚಿತ್ರಗಳನ್ನು ನೋಡಿ: ಜನ ಬೀಸುತ್ತಿರುವುದು ಬ್ರಿಟನ್ನಿನ ಬಾವುಟವಾದ ಯೂನಿಯನ್ ಜಾಕ್. ಆ ವಿಶ್ವಕಪ್ಪಿನ ಗುರುತಿನ ಸಿಂಹ ವಿಲ್ಲಿಯ ಅಂಗಿಯ ಮೇಲೂ ಅದೇ. ಮೂವತ್ತು ವರ್ಷ ಕಳೆದು 1996ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಅದೇ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಸ್ಕಾಟ್ಲೆಂಡ್ ಎದುರಾದಾಗ, ಗ್ಯಾಲರಿಯ ತುಂಬ ಬಿಳಿಯ ಮೇಲೆ ಕೆಂಪು ಶಿಲುಬೆಯ ಸೇಂಟ್ ಜಾರ್ಜ್ ಬಾವುಟ. ಸಾಮ್ರಾಜ್ಯ ಹೋಗಿತ್ತು, ಸ್ಕಾಟರು ತಮ್ಮ ಪಾರ್ಲಿಮೆಂಟು ಕೇಳುತ್ತಿದ್ದರು. 1999ರಲ್ಲಿ ಸ್ಕಾಟ್ಲೆಂಡಿಗೂ ವೇಲ್ಸಿಗೂ ಚುನಾಯಿತ ಸಭೆಗಳು ಬಂದವು, ಇಂಗ್ಲೆಂಡಿಗೆ ಬರಲಿಲ್ಲ. ಈಗಲೂ ಇಂಗ್ಲೆಂಡಿಗೆ ತನ್ನದೇ ಅಧಿಕೃತ ಗೀತೆಯಿಲ್ಲ. ಕ್ರಿಕೆಟ್ ಮೈದಾನದಲ್ಲಿ ಜನ ವಿಲಿಯಂ ಬ್ಲೇಕನ ಪದ್ಯಕ್ಕೆ ಪ್ಯಾರಿ 1916ರಲ್ಲಿ ಹಾಕಿದ ರಾಗವನ್ನು ಹಾಡಿಕೊಳ್ಳುತ್ತಾರೆ. ಕನ್ನಡಿಗರಿಗೆ 2004ರಲ್ಲಿ ಕುವೆಂಪು ಗೀತೆ ಅಧಿಕೃತ ನಾಡಗೀತೆಯಾಯಿತು.

ನಮ್ಮ ಸಿನಿಮಾದಲ್ಲೂ ಇದೇ ಪಯಣವಿದೆ. ರಾಜಕುಮಾರರ ಐತಿಹಾಸಿಕ ಪಾತ್ರಗಳನ್ನು ಇಸವಿ ಹಿಡಿದು ಜೋಡಿಸಿ. 1960ರಲ್ಲಿ ರಣಧೀರ ಕಂಠೀರವ, ಮೈಸೂರಿನ ಅರಸು. 1967ರಲ್ಲಿ ಇಮ್ಮಡಿ ಪುಲಿಕೇಶಿ, ಬಾದಾಮಿಯವನು. 1970ರಲ್ಲಿ ವಿಜಯನಗರದ ಕೃಷ್ಣದೇವರಾಯ. 1975ರಲ್ಲಿ ಬನವಾಸಿಯ ಮಯೂರ. ನಡುವೆ 1961ರಲ್ಲೇ ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂದಿತ್ತು. ಹದಿನೈದು ವರ್ಷದಲ್ಲಿ ಕನ್ನಡದ ನಾಯಕ ಶ್ರೀರಂಗಪಟ್ಟಣದಿಂದ ಹೊರಟು, ತುಂಗಭದ್ರೆ ದಾಟಿ, ಬನವಾಸಿ ತಲುಪಿದ. ರಾಜ್ಯದ ಹೆಸರು ಬದಲಾದದ್ದೂ ಈ ನಡುವೆಯೇ. ಶಾಸನಸಭೆಯ ಚರ್ಚೆಗಳಿಗಿಂತ ಈ ಚಿತ್ರಗಳು ಈಚೆ ದಡದ ಮನಸ್ಸನ್ನು ಹೆಚ್ಚು ಬದಲಿಸಿದವು ಎಂಬುದು ನನ್ನ ಎಣಿಕೆ. ಸಿನಿಮಾಕ್ಕೂ ಮೊದಲು ಆ ಕೆಲಸ ಮಾಡಿದ್ದು ಕಂಪನಿ ನಾಟಕ. ಈ ಊರಿನ ಚಿಂದೋಡಿ ಲೀಲಾ ಅವರ ಕೆ. ಬಿ. ಆರ್. ಡ್ರಾಮಾ ಕಂಪನಿ ಹೊಳೆಯ ಎರಡೂ ಕಡೆ ಕ್ಯಾಂಪು ಹಾಕುತ್ತಿತ್ತು. ಬೆಳಗಾವಿಯ ಜನ ಮೆಚ್ಚಬೇಕು, ಮೈಸೂರಿನ ಜನವೂ ಮೆಚ್ಚಬೇಕು. ಅಂಥ ಮಾತನ್ನು ರಂಗದ ಮೇಲೆ ಹದಮಾಡಿದ ಕಲಾವಿದೆಯರ ಋಣ ನಮ್ಮ ಮೇಲಿದೆ. ಏಕೀಕರಣದ ಚರಿತ್ರೆ ಬರೆದವರು ಅವರಿಗೆ ಒಂದು ಪುಟವನ್ನೂ ಕೊಟ್ಟಿಲ್ಲ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಜನಕ್ಕೆ ಹೆಸರು ಸಿಕ್ಕಿದ ಮೇಲೆ ನಾಡಿಗೊಂದು ಚಿತ್ರ ಬೇಕಾಗುತ್ತದೆ. ಇಂಗ್ಲೆಂಡ್ ಎಂದರೆ ಕಣ್ಣಿಗೆ ಬರುವುದು ದಕ್ಷಿಣದ ಹಳ್ಳಿ: ಹಸಿರು ಇಳಿಜಾರು, ಹುಲ್ಲು ಹೊದಿಸಿದ ಮನೆ, ಹಳೆಯ ಚರ್ಚು. ಆದರೆ 1851ರ ಜನಗಣತಿಯಲ್ಲೇ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಹೊಗೆ ಕಾರುವ ಮ್ಯಾಂಚೆಸ್ಟರ್ ಆ ಚಿತ್ರದಲ್ಲಿ ಸೇರಲಿಲ್ಲ. ಮ್ಯಾಂಚೆಸ್ಟರಿನಲ್ಲೇ ಬಾಳಿದ ಎಲಿಜಬೆತ್ ಗ್ಯಾಸ್ಕೆಲ್ 'ನಾರ್ತ್ ಅಂಡ್ ಸೌತ್' ಕಾದಂಬರಿಯಲ್ಲಿ ಈ ಒಡಕನ್ನೇ ಹಿಡಿದಳು. ಗಿರಣಿಯವರೂ ನೇಕಾರರೂ ಇಂಗ್ಲಿಷರೇ ಎಂದು ವಿದ್ವತ್ತಿನ ಬಲದಿಂದ ಸಾಧಿಸಲು 1963ರಲ್ಲಿ ಇ. ಪಿ. ಥಾಮ್ಸನ್ನರು ಇಂಗ್ಲಿಷ್ ಕಾರ್ಮಿಕ ವರ್ಗದ ಬಗ್ಗೆ ಬರೆದ ದೊಡ್ಡ ಗ್ರಂಥ ಬರಬೇಕಾಯಿತು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಾಗ ಇದನ್ನೂ ನೆನೆಯಬೇಕು. ಆ ಹೋಲಿಕೆಯ ಹಿಂದೆ ಹತ್ತಿಯ ಚರಿತ್ರೆಯೇ ಇದೆ. 1840ರ ದಶಕದಿಂದ ಕಂಪನಿಯವರು ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಸಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ತಪ್ಪಿದಾಗ ಅವರ ಕಣ್ಣು ಇತ್ತ ಬಿತ್ತು. ಇಲ್ಲಿನ ಹತ್ತಿ ಅಲ್ಲಿಗೆ ಹೋಗಿ ಬಟ್ಟೆಯಾಗಿ ಬರುತ್ತಿತ್ತು. 1930ರ ದಶಕದಿಂದ ಈ ಊರಿನಲ್ಲೇ ಮಿಲ್ಲುಗಳೆದ್ದು, ಇಲ್ಲಿಯ ನೂಲು ಇಲ್ಲಿಯೇ ತೆಗೆಯುವಂತಾಯಿತು. ಪಾಳಿಯ ಸೈರನ್ ಕೂಗಿಗೆ ಇಡೀ ಊರು ಗಡಿಯಾರ ತಿದ್ದಿಕೊಂಡ ದಿನಗಳು ಹಿರಿಯರಿಗೆ ನೆನಪಿವೆ. ಆ ಕಾರ್ಮಿಕರಲ್ಲಿ ಕನ್ನಡದವರು, ಉರ್ದು ಮಾತಿನವರು, ತಮಿಳರು, ತೆಲುಗರು, ಮರಾಠಿಗರು, ಲಂಬಾಣಿಗಳು ಇದ್ದರು. ಅವರೆಲ್ಲ ಸೇರಿ ಪಂಪಾಪತಿಯವರಂಥ ಕಮ್ಯುನಿಸ್ಟ್ ಕಾರ್ಮಿಕ ನಾಯಕರನ್ನು ಕನ್ನಡ ನಾಡಿನ ಶಾಸನಸಭೆಗೆ ಕಳಿಸಿದರು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಲೇತ್ ಕಾರ್ಖಾನೆಯ ಹೆಸರು ಮೈಸೂರು ಕಿರ್ಲೋಸ್ಕರ್: ಸಂಸ್ಥಾನದ ಹೆಸರಿನ ಪಕ್ಕಕ್ಕೆ ಮರಾಠಿ ಮನೆತನದ ಹೆಸರು.

ನಮ್ಮ ನಾಡಿನ ಚಿತ್ರದಲ್ಲಿ ಇವರೆಲ್ಲಿದ್ದಾರೆ? ನಾಡಿನ ಹಾಡುಗಳಲ್ಲಿ ಸಹ್ಯಾದ್ರಿಯಿದೆ, ಕಾವೇರಿಯಿದೆ, ಜೋಗವಿದೆ, ಹಂಪೆಯಿದೆ. ಕ್ಯಾಲೆಂಡರಿನಲ್ಲಿ ಮಲೆನಾಡಿನ ಹಸಿರಿದೆ. ಬಯಲುಸೀಮೆಯ ಮಿಲ್ಲಿನ ಗೋಡೆ, ಹತ್ತಿಯ ಧೂಳಿಗೆ ಕೆಮ್ಮುವ ಎದೆ, ಉರ್ದು ಬೆರೆತ ಕನ್ನಡದಲ್ಲಿ ಕೂಗಿದ ಘೋಷಣೆ ಅಲ್ಲಿ ಸೇರಿಲ್ಲ. ಮಿಲ್ಲುಗಳು ಮುಚ್ಚಿದವು, ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಊರಿನ ಗುರುತು ಈಗ ಬೆಣ್ಣೆದೋಸೆ. ಅದನ್ನು ನಾನೂ ಪ್ರೀತಿಯಿಂದ ತಿನ್ನುತ್ತೇನೆ. ಅದನ್ನು ಇಲ್ಲಿ ಮೊದಲು ಹುಯ್ದವರು ಬೆಳಗಾವಿ ಕಡೆಯಿಂದ ಬಂದ ತಾಯಿಯೊಬ್ಬರು ಎಂದು ಹಿರಿಯರು ಹೇಳುತ್ತಾರೆ. ಇಂಗ್ಲಿಷರ ಹೆಮ್ಮೆಯ ಕರಿದ ಮೀನು ಕೂಡ ಸ್ಪೇನ್, ಪೋರ್ಚುಗಲ್ಲಿನಿಂದ ಬಂದ ಯಹೂದಿಗಳ ಅಡುಗೆ. ತಿಂಡಿ ಊರಿನದಾಗಲು ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಆ ತಿಂಡಿ ತಂದವರು, ಮಿಲ್ಲಿಗೆ ದುಡಿಯಲು ಬಂದವರು ಊರಿನವರಾಗಲು ಎಷ್ಟು ತಲೆಮಾರು ಬೇಕಾಯಿತು ಎಂಬುದನ್ನು ಅವರ ಮೊಮ್ಮಕ್ಕಳೇ ಹೇಳಬೇಕು.

ತಡವಾಗಿ ಬಂದ ಅಭಿಮಾನದ ಕಹಿಯ ಬಗ್ಗೆ ಮೊದಲೇ ಹೇಳಿದೆ. 2016ರ ಜೂನ್ 23ರ ಜನಮತದಲ್ಲಿ ಇಂಗ್ಲೆಂಡಿನ ಶೇ. 53ರಷ್ಟು ಮತ ಯುರೋಪಿಯನ್ ಒಕ್ಕೂಟ ಬಿಡಬೇಕೆಂದಿತು, ಸ್ಕಾಟ್ಲೆಂಡಿನ ಶೇ. 62ರಷ್ಟು ಮತ ಉಳಿಯಬೇಕೆಂದಿತು. ತಮ್ಮನ್ನು ಬ್ರಿಟಿಷರು ಎನ್ನುವುದಕ್ಕಿಂತ ಇಂಗ್ಲಿಷರು ಎಂದುಕೊಳ್ಳುವವರಲ್ಲಿ ಬಿಡುವ ಕಡೆಗೆ ಒಲವು ಹೆಚ್ಚಿತ್ತು. ಅವರನ್ನು ಮೂರ್ಖರೆಂದು ಬದಿಗೆ ಸರಿಸುವವರ ಜೊತೆ ನಾನಿಲ್ಲ. ಗಿರಣಿ ಮುಚ್ಚಿದ ಉತ್ತರದ ಪಟ್ಟಣಗಳಲ್ಲಿ ತಮ್ಮ ಮಾತು ಕೇಳುವವರಿಲ್ಲ ಎಂಬ ನೋವಿತ್ತು, ಅದನ್ನು ಹೇಳಲು ಸಿಕ್ಕ ಹೆಸರು ಇಂಗ್ಲೆಂಡ್. ಗಿರಣಿ ಮುಚ್ಚಿದ ಊರಿನವರಾದ ನಿಮಗೆ ಆ ನೋವಿನ ಪರಿಚಯವಿದೆ.

ನಮ್ಮಲ್ಲಿ ಒಂದಾದ ಮೇಲೂ ಗಡಿಗಳು ಸುಮ್ಮನಿಲ್ಲ. 1997ರ ಆಗಸ್ಟ್ 15ರಂದು ಜೆ. ಎಚ್. ಪಟೇಲರ ಸರಕಾರ ದಾವಣಗೆರೆ ಜಿಲ್ಲೆ ಮಾಡಿತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ. ಹಳೆಯ ಮೈಸೂರೂ ಹಳೆಯ ಮದರಾಸೂ ಒಂದೇ ಜಿಲ್ಲಾ ಕಚೇರಿಗೆ ಬಂದವು. ಆದರೆ ಸಂವಿಧಾನದ 371-ಜೆ ವಿಧಿಯ ಸೌಲಭ್ಯ ಬಳ್ಳಾರಿಗೆ ಸಿಕ್ಕಾಗ ಹರಪನಹಳ್ಳಿಯವರು ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು. ಈಗ ವಿಜಯನಗರ ಜಿಲ್ಲೆಯಲ್ಲಿದ್ದಾರೆ. ಅವರ ಬೇಡಿಕೆ ನ್ಯಾಯದ್ದು. ಮಕ್ಕಳ ಓದಿಗೂ ನೌಕರಿಗೂ ಮೀಸಲಾತಿ ಇರುವ ಕಡೆ ಸೇರಬೇಕೆನ್ನುವವರಿಗೆ ಭಾವೈಕ್ಯದ ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ. ಅಂಚಿನಲ್ಲಿರುವವರ ದೂರನ್ನು ಕೇಳುವ ವ್ಯವಧಾನ ಇದ್ದಷ್ಟು ದಿನ ಕರ್ನಾಟಕ ಎಂಬ ಹೆಸರು ಅವರಿಗೂ ತಮ್ಮದೆನಿಸುತ್ತದೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರ ದೂರನ್ನು 1956ರಿಂದ ನಾವು ಎಷ್ಟು ಕೇಳಿದ್ದೇವೆ ಎಂದು ನಮ್ಮ ಎದೆ ಮುಟ್ಟಿ ನೋಡಿಕೊಳ್ಳೋಣ.

ಕೊನೆಯದಾಗಿ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. 1956ಕ್ಕೆ ಮೊದಲು ಹರಿಹರದ ಸೇತುವೆ ದಾಟಿ ಇನ್ನೊಂದು ಸರಕಾರದ ಊರಿಗೆ ಶಾಲೆಗೆ, ಸಂತೆಗೆ, ಗಂಡನ ಮನೆಗೆ ಹೋದವರು ಹೊಳೆಯ ಎರಡೂ ದಡಗಳಲ್ಲಿ ಇನ್ನೂ ಇದ್ದಾರೆ. ಅವರೆಲ್ಲ ಎಂಬತ್ತರ ಆಚೀಚೆಯವರು. ಅವರ ಮಾತನ್ನು ಅವರದೇ ಮಾತಿನಲ್ಲಿ, ತಿದ್ದದೆ, ಫೋನಿನಲ್ಲಿ ಹಿಡಿದಿಡಿ. ಮಿಲ್ಲಿನ ಪಾಳಿಯಲ್ಲಿ ದುಡಿದವರ, ಹರಿಹರದ ಲೇತ್ ಮುಂದೆ ನಿಂತವರ ಮಾತನ್ನೂ ಬರೆದುಕೊಳ್ಳಿ; ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ ಇರಲಿ. ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸವನ್ನು ಒಬ್ಬರೇ ಮಾಡುವುದರ ಬದಲು, ನೀವು ಕೂಡಿಹಾಕಿದ ಆ ದನಿಗಳನ್ನು ಇದೇ ಸಭೆಗೆ ಕೇಳಿಸಲು ಅವಕಾಶ ಕೊಡಬೇಕೆಂದು ದತ್ತಿಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ.